ಹಳೆಯ ಜೀಪು, ಜಿಪ್ಸಿ ಕೊಳ್ಳುವ ಮುನ್ನ: ಅಡಗಿದ ಅಲಕ್ಷ್ಯವನ್ನು ಪತ್ತೆ ಹಚ್ಚುವ ಕ್ರಮ

ಮಲೆನಾಡಿನಲ್ಲಿ ಕೈಬದಲಾಗುವ ಹಳೆಯ ಫೋರ್ ವೀಲ್ ಗಾಡಿಗಳಲ್ಲಿ, ಅಂದರೆ ಎಂಜಿನ್ನಿನ ಬಲ ನಾಲ್ಕೂ ಚಕ್ರಗಳಿಗೆ ಹೋಗಬಲ್ಲ ಗಾಡಿಗಳಲ್ಲಿ, ಬಹುಪಾಲು ಮಹೀಂದ್ರ ಜೀಪುಗಳು, ಇಲ್ಲವೇ ಮಾರುತಿ ಜಿಪ್ಸಿಗಳು. ಜೀಪುಗಳಲ್ಲಿ 2112 ಸಿಸಿಯ ಪ್ಯೂಜೊ ಡೀಸೆಲ್ ಎಂಜಿನ್ನಿನ ಎಂಎಂ 540 ಮತ್ತು ಅದರ ನಂತರ ಬಂದ 2523 ಸಿಸಿಯ ಡಿಐ ಎಂಜಿನ್ನಿನ ಗಾಡಿಗಳು ಹೆಚ್ಚಾಗಿ ಕಾಣಸಿಗುತ್ತವೆ. ಜಿಪ್ಸಿ 1985ರಲ್ಲಿ 970 ಸಿಸಿಯ ಪೆಟ್ರೋಲ್ ಎಂಜಿನ್ನಿನೊಂದಿಗೆ ರಸ್ತೆಗಿಳಿದು, 1996ರಲ್ಲಿ 1298 ಸಿಸಿಯ ಜಿಪ್ಸಿ ಕಿಂಗ್ ಆಯಿತು. ಇವೆಲ್ಲವೂ ಏಣಿಯಾಕಾರದ ಚಾಸಿಸ್, ನಾಲ್ಕೂ ಕಡೆ ಪ್ಲೇಟ್ ಸ್ಪ್ರಿಂಗ್, ಮುಂದೆ ಹಿಂದೆ ಗಟ್ಟಿ ಆಕ್ಸಲ್ ಇರುವ ಸರಳ ಯಂತ್ರಗಳು. ಸರಳವಾಗಿರುವ ಕಾರಣಕ್ಕೇ ಇವು ಎಷ್ಟು ಅಲಕ್ಷ್ಯ ಮಾಡಿದರೂ ಹೇಗೋ ಓಡುತ್ತಿರುತ್ತವೆ. ಕೊಳ್ಳುವವರು ಮೋಸ ಹೋಗುವುದೂ ಅದೇ ಕಾರಣಕ್ಕೆ.

ಗಾಡಿ ನೋಡಲು ಬಂದ ಎಲ್ಲರೂ ಎಂಜಿನ್ನಿನ ಸದ್ದು ಕೇಳುತ್ತಾರೆ, ಟೈರು ನೋಡುತ್ತಾರೆ, ಬಣ್ಣ ನೋಡುತ್ತಾರೆ. ಆದ್ದರಿಂದ ಮಾರುವವರು ದುಡ್ಡು ಹಾಕುವುದೂ ಆ ಮೂರಕ್ಕೇ. ಗೇರ್ ಬಾಕ್ಸ್, ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್, ಆಕ್ಸಲ್ಲಿನ ನಡುವೆ ಕೂತು ಎರಡೂ ಚಕ್ರಗಳಿಗೆ ಬಲ ಕೊಡುವ ಹಿಂದಿನ ಮತ್ತು ಮುಂದಿನ ಡಿಫರೆನ್ಷಿಯಲ್, ಮುಂದಿನ ಚಕ್ರಗಳ ಒಳಗಿನ ನಕಲ್ ಎಂಬ ಗೋಲಾಕಾರದ ಕೀಲು, ಇವುಗಳ ಪ್ಲಗ್ ಬಿಚ್ಚಿ ನೋಡುವವರು ಅಪರೂಪ. ಹತ್ತು ವರ್ಷಗಳ ಅಲಕ್ಷ್ಯ ಕೂಡಿಕೊಂಡಿರುವುದು ಅಲ್ಲೇ. ಹಾಗಾಗಿ ಈ ಕೈಪಿಡಿಯಲ್ಲಿ ಎಂಜಿನ್ನಿಗಿಂತ ಎಂಜಿನ್ನಿನ ಹಿಂದಿರುವ ಭಾಗಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹೊರಡುವ ಮುನ್ನ

ಒಂದು ಟಾರ್ಚ್, ಗಟ್ಟಿಮುಟ್ಟಾದ ಜಾಕ್, ಚಕ್ರಕ್ಕೆ ಅಡ್ಡ ಕೊಡಲು ಎರಡು ಮರದ ತುಂಡು, ಸಣ್ಣ ಸುತ್ತಿಗೆ, ಒಂದು ಆಯಸ್ಕಾಂತ, ಆಯಿಲ್ ಪ್ಲಗ್‌ಗಳಿಗೆ ಹೊಂದುವ ಸ್ಪ್ಯಾನರ್, ಅಳತೆ ಟೇಪು, ಬಿಳಿ ಬಟ್ಟೆ, ಮತ್ತು ಮೆಡಿಕಲ್ ಅಂಗಡಿಯಲ್ಲಿ ಸಿಗುವ 50 ಎಂಎಲ್ ಸಿರಿಂಜಿಗೆ ಸಿಕ್ಕಿಸಿದ ತೆಳುವಾದ ಪ್ಲಾಸ್ಟಿಕ್ ಟ್ಯೂಬ್ ಇಷ್ಟು ಸಾಕು. ಜೊತೆಗೆ ಒಬ್ಬರು ಬೇಕು, ಏಕೆಂದರೆ ಬ್ರೇಕ್ ತುಳಿಯುವುದು, ಸ್ಟೀರಿಂಗ್ ತಿರುಗಿಸುವುದು ಒಬ್ಬರ ಕೆಲಸ, ಕೆಳಗೆ ಮಲಗಿ ನೋಡುವುದು ಇನ್ನೊಬ್ಬರ ಕೆಲಸ. ಗಾಡಿಯನ್ನು ಬೆಳಿಗ್ಗೆ ನೋಡಲು ಬರುತ್ತೇವೆಂದು ತಿಳಿಸಿ, ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ, ವಾಟರ್ ಸರ್ವಿಸ್ ಮಾಡಿಸಬೇಡಿ ಎಂದು ಮಾಲೀಕರಲ್ಲಿ ವಿನಂತಿಸಿಕೊಳ್ಳಿ. ಹೋದ ತಕ್ಷಣ ರೇಡಿಯೇಟರಿನ ಮೇಲೆ ಕೈಯಿಟ್ಟು ನೋಡಿ. ಬಿಸಿ ಇದ್ದರೆ ಆ ದಿನದ ಪರೀಕ್ಷೆ ಅರ್ಧಕ್ಕರ್ಧ ವ್ಯರ್ಥ. ಇನ್ನೊಂದು ದಿನ ಬರುವುದು ಮೇಲು.

"ತೋಟ ಬಿಟ್ಟು ಆಚೆ ಹೋದ ಗಾಡಿಯೇ ಅಲ್ಲ ಸರ್" ಎಂಬ ಮಾತನ್ನು ನಾನು ಹಲವು ಸಲ ಕೇಳಿದ್ದೇನೆ. ಕೇಳಲು ಹಿತವಾದ ಈ ಮಾತು ವಾಸ್ತವದಲ್ಲಿ ಎಚ್ಚರಿಕೆಯ ಮಾತು. ತೋಟದೊಳಗಿನ ಜೀಪು ದಿನವಿಡೀ ಫಸ್ಟ್, ಸೆಕೆಂಡ್ ಗೇರಿನಲ್ಲಿ ಗೊಬ್ಬರದ ಚೀಲ, ಕಾಫಿ ಮೂಟೆ, ಸೌದೆ ಹೊತ್ತು ಕೆಸರಿನಲ್ಲಿ ಎಳೆಯುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ನಿಲ್ಲುತ್ತದೆ. ಮೀಟರಿನಲ್ಲಿ ಕಿಲೋಮೀಟರ್ ಏರದಿರಲು ಕೇಬಲ್ ತುಂಡಾಗಿರುವುದೂ ಕಾರಣವಿರಬಹುದು. ಕೊಡಚಾದ್ರಿಗೋ ಮಾಂದಲಪಟ್ಟಿಗೋ ಪ್ರವಾಸಿಗರನ್ನು ಹತ್ತಿಸಿದ ಗಾಡಿಗಳ ಕಥೆಯೂ ಬೇರೆಯಲ್ಲ. ಅವುಗಳಲ್ಲಿ ಕ್ಲಚ್ ಮತ್ತು ಹಿಂದಿನ ಆಕ್ಸಲ್ ಮೊದಲು ಸೋತಿರುತ್ತವೆ. ಓಡಿದ ದೂರವನ್ನು ಕೇಳುವ ಬದಲು ಗಾಡಿ ಯಾವ ಕೆಲಸ ಮಾಡುತ್ತಿತ್ತು, ಹಳ್ಳ ದಾಟುತ್ತಿತ್ತೇ, ಟ್ರೇಲರ್ ಎಳೆಯುತ್ತಿತ್ತೇ ಎಂದು ಕೇಳಿ.

ತಣ್ಣಗಿನ ಎಂಜಿನ್

ಸ್ಟಾರ್ಟ್ ಮಾಡುವ ಮೊದಲು ರೇಡಿಯೇಟರಿನ ಮುಚ್ಚಳ ತೆಗೆದು ಬೆರಳಾಡಿಸಿ. ತುಕ್ಕಿನ ಕೆಂಪು ನೀರು ಕಂಡರೆ ವರ್ಷಗಟ್ಟಲೆ ಕೂಲೆಂಟ್ ಹಾಕದೆ ಹಳ್ಳದ ನೀರನ್ನೇ ತುಂಬಿಸಿದ್ದಾರೆಂದು ತಿಳಿಯಬೇಕು. ಎಣ್ಣೆಯ ಪಸೆ ಕಂಡರೆ ಹೆಡ್ ಗ್ಯಾಸ್ಕೆಟ್ಟಿನ ಮೇಲೆ ಅನುಮಾನ ಪಡಬೇಕು. ಡಿಪ್ ಸ್ಟಿಕ್ಕಿನ ಆಯಿಲ್ ಡೀಸೆಲ್ ಗಾಡಿಯಲ್ಲಿ ಕಪ್ಪಾಗಿರುವುದು ಸಹಜ. ಆದರೆ ಅದು ಜೋನಿಬೆಲ್ಲದಂತೆ ದಪ್ಪಗಿದ್ದು ಗಂಧಕದ ಘಾಟು ವಾಸನೆ ಬಂದರೆ, ಹೊಗೆ ಮತ್ತು ಸದ್ದು ಮುಚ್ಚಲು ಎಂಜಿನ್ನಿಗೆ ಗೇರ್ ಆಯಿಲ್ ಬೆರೆಸಿದ್ದಾರೆಂದು ಅರ್ಥ.

ಪ್ಯೂಜೊ ಎಂಜಿನ್ನಿಗೆ ಹೀಟರ್ ಪ್ಲಗ್ ಇರುವುದರಿಂದ ಚಳಿಯ ಬೆಳಗಿನಲ್ಲಿ ಕೆಲವು ಕ್ಷಣ ಕಾಯಿಸಿಯೇ ಸೆಲ್ಫ್ ಹೊಡೆಯಬೇಕು, ಅದು ದೋಷವಲ್ಲ. ಕಾಯಿಸಿದರೂ ಹತ್ತಾರು ಸಲ ಸೆಲ್ಫ್ ಹೊಡೆಸಿಕೊಂಡು, ಬಿಳಿ ಹೊಗೆ ಕಾರುತ್ತಾ ಎದ್ದರೆ ಹೀಟರ್ ಪ್ಲಗ್‌ಗಳು ಸತ್ತಿರಬಹುದು, ಇಲ್ಲವೇ ಕಂಪ್ರೆಶನ್ ಇಳಿದಿರಬಹುದು. ಮೊದಲನೆಯದು ಸಣ್ಣ ಖರ್ಚು, ಎರಡನೆಯದು ಎಂಜಿನ್ ಬಿಚ್ಚಿ ಸಿಲಿಂಡರ್ ಕೊರೆಸುವ ಬೋರಿಂಗ್ ಕೆಲಸ. ಇವೆರಡನ್ನು ಬೇರೆ ಮಾಡಿ ನೋಡುವುದು ಹೀಗೆ: ಎಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ ಬಿಟ್ಟು, ಆಯಿಲ್ ಹಾಕುವ ಬಾಯಿಯ ಮುಚ್ಚಳವನ್ನು ಬಿಚ್ಚಿ, ಬೋರಲಾಗಿ ಅದೇ ಬಾಯಿಯ ಮೇಲಿಡಿ. ಮುಚ್ಚಳ ಸುಮ್ಮನೆ ನಡುಗುತ್ತಾ ನಿಂತರೆ ಚಿಂತೆಯಿಲ್ಲ. ಕುಣಿದು ಕೆಳಗೆ ಬಿದ್ದು, ಬಾಯಿಯಿಂದ ಹೊಗೆ ಬುಸುಬುಸು ಎದ್ದರೆ ಪಿಸ್ಟನ್ನಿನ ರಿಂಗ್, ಸಿಲಿಂಡರಿನ ಲೈನರ್ ಸವೆದಿವೆ.

ಇಪ್ಪತ್ತು ನಿಮಿಷ ಓಡಿದರೂ ಟೆಂಪರೇಚರ್ ಮುಳ್ಳು ಮೇಲೇಳದಿದ್ದರೆ ಸಂತೋಷಪಡಬೇಡಿ. ಎಂಜಿನ್ ಕಾದಾಗ ರೇಡಿಯೇಟರ್ ಸ್ವಚ್ಛಗೊಳಿಸುವ ಬದಲು ಎಂಜಿನ್ನಿನ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಕಿತ್ತೆಸೆಯುವುದು ನಮ್ಮ ಕಡೆಯ ಹಳೆಯ ಅಭ್ಯಾಸ. ಮುಳ್ಳು ಕೆಲಸವನ್ನೇ ಮಾಡುತ್ತಿಲ್ಲದಿರಬಹುದು ಕೂಡ. ಆಯಿಲ್ ಪ್ರೆಷರ್ ಮೀಟರಿಗೂ ಇದೇ ಮಾತು: ಕೀ ತಿರುಗಿಸುವ ಮೊದಲು ಎಲ್ಲಿತ್ತು, ಸ್ಟಾರ್ಟ್ ಆದ ಮೇಲೆ ಎಲ್ಲಿಗೆ ಬಂತು, ಬಿಸಿಯಾದ ಮೇಲೆ ಐಡಲ್‌ನಲ್ಲಿ ಎಲ್ಲಿ ನಿಂತಿತು ಎಂಬ ಮೂರನ್ನೂ ಗಮನಿಸಿ.

ಡಿಫರೆನ್ಷಿಯಲ್, ಟ್ರಾನ್ಸ್‌ಫರ್ ಕೇಸ್: ಆಯಿಲ್ ಬಿಚ್ಚಿ ನೋಡದೆ ಮಾತಾಡಬೇಡಿ

ಮೂಡಿಗೆರೆ ಕಡೆಯ ತೋಟವೊಂದರಲ್ಲಿ ಒಮ್ಮೆ ಒಂದು ಎಂಎಂ 540 ನೋಡಲು ಹೋಗಿದ್ದೆ. ಹೊಸ ಹಸಿರು ಬಣ್ಣ, ಹೊಸ ಹುಡ್, ಒಂದೇ ಸೆಲ್ಫಿಗೆ ಏಳುವ ಎಂಜಿನ್. ಕೆಳಗೆ ಮಲಗಿ ಮುಂದಿನ ಡಿಫರೆನ್ಷಿಯಲ್ಲಿನ ಫಿಲ್ಲರ್ ಪ್ಲಗ್ ತಿರುಗಿಸಲು ಹೋದರೆ ಅದು ಅಲುಗಲೇ ಇಲ್ಲ. ಪ್ಲಗ್ಗಿನ ಮೇಲೆ ಹಳೆಯ ಹಳದಿ, ಅದರ ಮೇಲೆ ಕಪ್ಪು, ಅದರ ಮೇಲೆ ಹಸಿರು, ಹೀಗೆ ಬಣ್ಣದ ಪದರಗಳಿದ್ದವು. ಒಂದೊಂದು ಪದರ ಒಂದೊಂದು ಸಲ ಬಣ್ಣ ಹೊಡೆಸಿದ ಲೆಕ್ಕ. ಅಷ್ಟೂ ವರ್ಷ ಆ ಪ್ಲಗ್ಗನ್ನು ಯಾರೂ ಬಿಚ್ಚಿರಲಿಲ್ಲ. ಪೈಪು ಹಾಕಿ ಬಿಚ್ಚಿದ ಮೇಲೆ ಸಿರಿಂಜಿನ ಟ್ಯೂಬನ್ನು ಹೌಸಿಂಗಿನ ತಳದವರೆಗೆ ಇಳಿಸಿ ಎಳೆದೆ. ಮೊದಲು ಬಂದದ್ದು ತುಕ್ಕು ಬಣ್ಣದ ನೀರು, ಆಮೇಲೆ ಹಾಲು ಹೆಚ್ಚಾದ ಕಾಫಿಯಂಥ ಗಸಿ. ಬಿಳಿ ಬಟ್ಟೆಯ ಮೇಲೆ ಹಾಕಿ ಆಯಸ್ಕಾಂತ ಆಡಿಸಿದಾಗ ಸೂಜಿಯ ಮೊನೆಯಂಥ ಲೋಹದ ಚೂರುಗಳು ಎದ್ದು ನಿಂತವು. ಮಾಲೀಕರು ಸುಳ್ಳು ಹೇಳಿರಲಿಲ್ಲ. ಅವರಿಗೂ ಅದು ಗೊತ್ತಿರಲಿಲ್ಲ.

ನೀರು ಒಳಗೆ ಹೋಗುವ ಬಗೆಯನ್ನು ತಿಳಿದುಕೊಂಡರೆ ಎಲ್ಲಿ ಹುಡುಕಬೇಕೆಂಬುದು ತಾನೇ ಹೊಳೆಯುತ್ತದೆ. ಆಕ್ಸಲ್ ಹೌಸಿಂಗಿನ ಮೇಲ್ಭಾಗದಲ್ಲಿ ಉಸಿರಾಟಕ್ಕೆಂದು ಬ್ರೀದರ್ ಎಂಬ ಸಣ್ಣ ಮುಚ್ಚಳವಿರುತ್ತದೆ. ಓಡುವಾಗ ಒಳಗಿನ ಆಯಿಲ್, ಗಾಳಿ ಎರಡೂ ಕಾದು ಹಿಗ್ಗುತ್ತವೆ. ಕೆಸರು ಮೆತ್ತಿ ಬ್ರೀದರ್ ಮುಚ್ಚಿಹೋಗಿದ್ದರೆ ಆ ಒತ್ತಡ ಆಯಿಲ್ ಸೀಲುಗಳನ್ನು ದಾಟಿ ಬ್ರೇಕ್ ಡ್ರಮ್ಮಿನೊಳಕ್ಕೆ ಆಯಿಲ್ ನೂಕುತ್ತದೆ. ಕಾದ ಆಕ್ಸಲ್ ತಟಕ್ಕನೆ ಹಳ್ಳದ ತಣ್ಣೀರಿಗಿಳಿದಾಗ ಒಳಗಿನ ಗಾಳಿ ಕುಗ್ಗಿ, ಅದೇ ಸೀಲುಗಳ ಸಂದಿಯಿಂದ ನೀರನ್ನು ಒಳಕ್ಕೆ ಹೀರುತ್ತದೆ. ಆದ್ದರಿಂದ ಮೊದಲು ಬ್ರೀದರನ್ನು ಬೆರಳಿನಿಂದ ತಿರುಗಿಸಿ ನೋಡಿ. ಅದು ಕಲ್ಲಿನಂತೆ ಗಟ್ಟಿಯಾಗಿದ್ದರೆ, ಹಿಂದಿನ ಚಕ್ರಗಳ ಒಳಮುಖದಲ್ಲಿ ಆಯಿಲ್ ಗೆರೆ ಇಳಿದಿದೆಯೇ ಎಂದು ಟಾರ್ಚ್ ಹಿಡಿದು ಹುಡುಕಿ. ಅಲ್ಲಿ ಗೆರೆ ಕಂಡರೆ ಬ್ರೇಕ್ ಲೈನರುಗಳೂ ನೆನೆದಿರುತ್ತವೆ.

ಪ್ಲಗ್ ಬಿಚ್ಚುವಾಗ ಯಾವಾಗಲೂ ಮೇಲಿನ ಫಿಲ್ಲರ್ ಪ್ಲಗ್ಗನ್ನೇ ಮೊದಲು ಬಿಚ್ಚಬೇಕು. ಕೆಳಗಿನದನ್ನು ಬಿಚ್ಚಿ ಆಯಿಲ್ ಖಾಲಿ ಮಾಡಿದ ಮೇಲೆ ಮೇಲಿನದು ಬಾರದಿದ್ದರೆ ಬೇರೆಯವರ ಗಾಡಿಯನ್ನು ನಡುಬೀದಿಯಲ್ಲಿ ನಿಲ್ಲಿಸಿದಂತಾಗುತ್ತದೆ. ಆಯಿಲ್ ಪ್ಲಗ್ಗಿನ ಕೆಳ ಅಂಚಿನ ಮಟ್ಟಕ್ಕಿರಬೇಕು. ಬೆರಳು ತೂರಿಸಿದಾಗ ಕಂದು ಬಣ್ಣದ ತಿಳಿ ಆಯಿಲ್ ಸಿಕ್ಕರೆ ಒಳ್ಳೆಯದು. ಬಿಸಿಲಿಗೆ ಹಿಡಿದಾಗ ಬೆಳ್ಳಿಯ ಪುಡಿ ಬೆರೆಸಿದಂತೆ ಹೊಳೆದರೆ ಡಿಫರೆನ್ಷಿಯಲ್ಲಿನ ಹಲ್ಲುಚಕ್ರಗಳಾದ ಕ್ರೌನ್, ಪಿನಿಯನ್ ಅಥವಾ ಬೇರಿಂಗ್ ಸವೆಯುತ್ತಿವೆ. ತೀರಾ ಹೊಸದಾಗಿ, ಜೇನಿನಂತೆ ತಿಳಿಯಾಗಿದ್ದರೆ ಅದನ್ನೂ ಪ್ರಶ್ನಿಸಬೇಕು: ಮಾರುವ ವಾರವೇ ಆಯಿಲ್ ಬದಲಿಸಿದ್ದೇಕೆ?

ಹಳೆಯ ಜೀಪುಗಳಲ್ಲಿ ಗೇರ್ ಬಾಕ್ಸಿಗೆ ಟ್ರಾನ್ಸ್‌ಫರ್ ಕೇಸ್ ನೇರವಾಗಿ ಅಂಟಿಕೊಂಡಿರುತ್ತದೆ. ನಡುವಿನ ಸೀಲು ಸೋತರೆ ಒಂದರ ಆಯಿಲ್ ಇನ್ನೊಂದಕ್ಕೆ ಹರಿದು, ಒಂದು ಕಡೆ ತುಂಬಿ ತುಳುಕಿದರೆ ಮತ್ತೊಂದು ಕಡೆ ಒಣಗುತ್ತದೆ. ಆದ್ದರಿಂದ ಎರಡರ ಮಟ್ಟವನ್ನೂ ಬೇರೆ ಬೇರೆಯಾಗಿ ನೋಡಲೇಬೇಕು. ಟ್ರಾನ್ಸ್‌ಫರ್ ಕೇಸಿನ ಹಿಂದೆ ಆಕ್ಸಲ್ಲಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಮೇಲೆ ಕೂರುವ ಹ್ಯಾಂಡ್ ಬ್ರೇಕ್ ಡ್ರಮ್ ಇರುವ ಗಾಡಿಗಳಲ್ಲಿ, ಹಿಂದಿನ ಆಯಿಲ್ ಸೀಲ್ ಹೋದರೆ ಆಯಿಲ್ ನೇರವಾಗಿ ಆ ಡ್ರಮ್ಮಿನೊಳಕ್ಕೆ ಬೀಳುತ್ತದೆ. "ಜೀಪಿನ ಹ್ಯಾಂಡ್ ಬ್ರೇಕ್ ಹಿಡಿಯುವುದೇ ಇಲ್ಲ ಬಿಡಿ" ಎಂದು ಯಾರಾದರೂ ಹೇಳಿದರೆ ಅದನ್ನು ಜೀಪಿನ ಜಾಯಮಾನವೆಂದು ಒಪ್ಪಬೇಡಿ. ಅದು ಸೀಲು ಹೋದುದರ ಲಕ್ಷಣವಿರಬಹುದು. ಘಟ್ಟದ ಇಳಿಜಾರಿನಲ್ಲಿ ಮನೆಮಂದಿಯನ್ನು ಕೂರಿಸಿಕೊಂಡು ನಿಲ್ಲಿಸುವ ಗಾಡಿಯಿದು.

ಎಂಜಿನ್ ಮತ್ತು ಗೇರ್ ಬಾಕ್ಸಿನ ನಡುವಿನ ಬೆಲ್ ಹೌಸಿಂಗಿನ ತಳದಿಂದ ಆಯಿಲ್ ಒಸರುತ್ತಿದ್ದರೆ ಒಂದು ತೊಟ್ಟನ್ನು ಬೆರಳಿಗೆ ಹಿಡಿದು ಮೂಸಿ ನೋಡಿ. ಗಂಧಕದ ಘಾಟು ಬಂದರೆ ಗೇರ್ ಬಾಕ್ಸಿನ ಮುಂದಿನ ಸೀಲು. ಕಪ್ಪಗಿದ್ದು ಘಾಟು ಇಲ್ಲದಿದ್ದರೆ ಎಂಜಿನ್ನಿನ ಹಿಂದಿನ ಸೀಲು. ಎರಡರಲ್ಲಿ ಯಾವುದೇ ಆದರೂ ಗೇರ್ ಬಾಕ್ಸ್ ಇಳಿಸಲೇಬೇಕು, ಆ ಕೂಲಿಯನ್ನು ಬೆಲೆಯಲ್ಲಿ ಹಿಡಿಯಬೇಕು.

ಫೋರ್ ವೀಲ್ ನಿಜಕ್ಕೂ ಕೆಲಸ ಮಾಡುತ್ತದೆಯೇ?

ಲಿವರ್ ಎಳೆದರೆ ಬರುತ್ತದೆ ಎಂಬುದು ಉತ್ತರವಲ್ಲ. ಮುಂದಿನ ಕ್ರೌನ್ ಸದ್ದು ಮಾಡಿದಾಗ ರಿಪೇರಿ ಮಾಡಿಸದೆ ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನೇ ಬಿಚ್ಚಿ ಮೂಲೆಗೆಸೆದ ಗಾಡಿಗಳಿವೆ. ಶಾಫ್ಟ್ ಇದ್ದರೂ ಒಳಗೆ ಆಕ್ಸಲ್ ತುಂಡಾಗಿರಬಹುದು, ಚಕ್ರದ ನಡುವಿನ ಹಬ್ ಆಕ್ಸಲ್ಲಿಗೆ ಲಾಕ್ ಆಗದಿರಬಹುದು. ಇವೆಲ್ಲವನ್ನೂ ಒಂದೇ ಪರೀಕ್ಷೆಯಲ್ಲಿ ಹಿಡಿಯಬಹುದು. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿ. ಹಬ್‌ಗಳಿಗೆ ಕೈಲಾಕ್ ಇದ್ದರೆ ಎರಡನ್ನೂ ಲಾಕ್ ಮಾಡಿ. ಫೋರ್ ವೀಲ್ ಲೋ (ಹೆಚ್ಚು ಬಲ, ಕಡಿಮೆ ವೇಗದ ಗೇರು) ಹಾಕಿ, ಫಸ್ಟ್ ಗೇರಿನಲ್ಲಿ ಬಿಟ್ಟು, ಮುಂದಿನ ಒಂದು ಚಕ್ರವನ್ನು ಮಾತ್ರ ಜಾಕ್ ಮೇಲೆತ್ತಿ ಕೈಯಿಂದ ತಿರುಗಿಸಿ. ನೆಲದ ಮೇಲಿರುವ ಚಕ್ರವೂ ಪಿನಿಯನ್ನೂ ಹಿಡಿದುಕೊಂಡಿರುವುದರಿಂದ, ಎತ್ತಿದ ಚಕ್ರ ಸ್ವಲ್ಪ ಅಲುಗಿ ನಿಲ್ಲಬೇಕು. ಅದು ಸಲೀಸಾಗಿ ಸುತ್ತಿದರೆ ಹಬ್, ಆಕ್ಸಲ್, ಶಾಫ್ಟ್, ಟ್ರಾನ್ಸ್‌ಫರ್ ಕೇಸ್ ಈ ಸರಪಳಿಯ ಯಾವುದೋ ಒಂದು ಕೊಂಡಿ ಕಳಚಿದೆ. ಅಲುಗಾಟ ಎಷ್ಟಿದೆ ಎಂಬುದನ್ನೂ ಗಮನಿಸಿ: ಶಾಫ್ಟಿನ ಕೀಲಾದ ಕ್ರಾಸ್, ಜೋಡಣೆಯ ಹಲ್ಲುಗಳಾದ ಸ್ಪ್ಲೈನ್, ಕ್ರೌನ್ ಎಲ್ಲದರ ಸವೆತವೂ ಅಲ್ಲಿ ಒಟ್ಟಾಗಿ ಕಾಣುತ್ತದೆ. ಮೇಲೆತ್ತಿದ ಗಾಡಿಯ ಅಡಿಗೆ ಮಾತ್ರ ಜಾಕೊಂದನ್ನೇ ನಂಬಿ ತಲೆ ಹಾಕಬೇಡಿ.

ಇನ್ನೊಂದು ದೋಷ ಇದಕ್ಕಿಂತ ಗುಪ್ತವಾದದ್ದು. ಹಿಂದಿನ ಕ್ರೌನ್ ಮುರಿದಾಗ ಗುಜರಿಯಲ್ಲಿ ಸಿಕ್ಕ ಬೇರೆ ಮಾಡೆಲ್ಲಿನ ಆಕ್ಸಲ್ ಕೂರಿಸಿರುತ್ತಾರೆ. ಅದರ ಕ್ರೌನ್ ಪಿನಿಯನ್ ಅನುಪಾತ ಮುಂದಿನದಕ್ಕೆ ಹೊಂದುವುದಿಲ್ಲ. ಟೂ ವೀಲಿನಲ್ಲಿ ಗಾಡಿ ಚೆನ್ನಾಗಿಯೇ ಓಡುತ್ತದೆ, ಫೋರ್ ವೀಲ್ ಹಾಕಿದೊಡನೆ ಮುಂದಿನದು ಹಿಂದಿನದು ಪರಸ್ಪರ ಎಳೆದಾಡಿ ಬಿಗಿಯುತ್ತದೆ. ಪತ್ತೆ ಹಚ್ಚುವುದು ಸುಲಭ. ಹಬ್ ಲಾಕ್ ಮಾಡಿ, ಟೂ ವೀಲಿನಲ್ಲಿ ನ್ಯೂಟ್ರಲ್ ಇಟ್ಟು, ಎರಡೂ ಪ್ರೊಪೆಲ್ಲರ್ ಶಾಫ್ಟುಗಳ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ, ಚಕ್ರ ಒಂದು ಸುತ್ತು ಬರುವಷ್ಟು ಗಾಡಿಯನ್ನು ನೇರವಾಗಿ ತಳ್ಳಿಸಿ. ಎರಡೂ ಶಾಫ್ಟು ಸಮಸಮ ಸುತ್ತಬೇಕು. ಮುಂದೊಂದು ಹಿಂದೊಂದು ಅಳತೆಯ ಟೈರು ಹಾಕಿದ್ದರೂ ಇದೇ ತೊಂದರೆ ಹುಟ್ಟುತ್ತದೆ. ಫೋರ್ ವೀಲನ್ನು ಡಾಂಬರು ರಸ್ತೆಯ ಮೇಲೆ ಪರೀಕ್ಷಿಸಬಾರದು ಎಂಬುದು ನೆನಪಿರಲಿ. ಸಡಿಲ ಮಣ್ಣು ಬೇಕು.

ಲೋ ಗೇರಿನಲ್ಲಿ ಒಂದು ಇಳಿಜಾರನ್ನು ಆಕ್ಸಲರೇಟರ್ ಬಿಟ್ಟು ಇಳಿಯಿರಿ. ಲಿವರ್ ತಾನಾಗಿ ಎಗರಿ ನ್ಯೂಟ್ರಲಿಗೆ ಬಿದ್ದರೆ ಟ್ರಾನ್ಸ್‌ಫರ್ ಕೇಸಿನ ಗೇರು, ಬೇರಿಂಗ್ ಸವೆದಿವೆ. ಆ ಕ್ಷಣ ಎಂಜಿನ್ ಹಿಡಿತ ಪೂರ್ತಿ ತಪ್ಪುವುದರಿಂದ ಕಾಲು ಬ್ರೇಕಿನ ಮೇಲೇ ಇರಬೇಕು. ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಪ್ರತ್ಯೇಕವಾಗಿ ರಬ್ಬರ್ ಮೌಂಟಿಂಗುಗಳ ಮೇಲೆ ತೂಗಿರುತ್ತದೆ. ಲಿವರ್ ಅತಿಯಾಗಿ ಅದುರುತ್ತಿದ್ದರೆ ಆ ರಬ್ಬರುಗಳನ್ನು ಮೊದಲು ನೋಡಿ, ಅದು ಸಣ್ಣ ಖರ್ಚಿನ ಕೆಲಸ.

ಮುಂದಿನ ಚಕ್ರ ನಡುಗುವುದು

ಗಂಟೆಗೆ 50ರಿಂದ 60 ಕಿ.ಮೀ. ವೇಗದಲ್ಲಿ ಗುಂಡಿಯೊಂದನ್ನು ದಾಟಿದಾಗ ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡು ಹೋಗುವಂತೆ ನಡುಗುವುದು ಜೀಪು, ಜಿಪ್ಸಿ ಎರಡರಲ್ಲೂ ಇರುವ ಹಳೆಯ ಕಾಯಿಲೆ. ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದರೆ ಹೋಗುತ್ತದೆ ಎಂದು ಮಾರುವವರು ಹೇಳುತ್ತಾರೆ. ಕೆಲವೊಮ್ಮೆ ಹೋಗುವುದೂ ಉಂಟು. ಆದರೆ ಹೆಚ್ಚಾಗಿ ಕಾರಣ ಚಕ್ರ ಎಡಬಲಕ್ಕೆ ತಿರುಗುವ ಕೀಲಿನ ಕಿಂಗ್ ಪಿನ್ ಬೇರಿಂಗ್, ಎರಡೂ ಮುಂದಿನ ಚಕ್ರಗಳನ್ನು ಜೋಡಿಸುವ ಟೈ ರಾಡ್ ತುದಿಗಳು ಅಥವಾ ಸ್ಪ್ರಿಂಗಿನ ತುದಿಯ ಶೆಕಲ್ ಬುಷ್‌ಗಳ ಸವೆತ. ಚಕ್ರವನ್ನು ಜಾಕ್ ಮೇಲೆತ್ತಿ, ಮೇಲೊಂದು ಕೆಳಗೊಂದು ಕೈಯಿಟ್ಟು ಅಲುಗಿಸಿ. ಆಟ ಕಂಡರೆ ಜೊತೆಗಾರರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಿಸಿ. ಬ್ರೇಕ್ ಒತ್ತಿದಾಗ ಆಟ ಮಾಯವಾದರೆ ವೀಲ್ ಬೇರಿಂಗ್, ಒತ್ತಿದರೂ ಉಳಿದರೆ ಕಿಂಗ್ ಪಿನ್. ಮಿಕ್ಕೆಲ್ಲ ಹಳೆಯದಾಗಿದ್ದು ಸ್ಟೀರಿಂಗ್ ಡ್ಯಾಂಪರ್ ಒಂದೇ ಮಿರಮಿರ ಹೊಳೆಯುತ್ತಿದ್ದರೆ, ನಡುಕವನ್ನು ಮುಚ್ಚಲು ಹಾಕಿದ್ದಾರೆಯೇ ಎಂದು ಅನುಮಾನಿಸಬೇಕು.

ಚಕ್ರದ ಹಿಂದಿನ ನಕಲ್ ಗೋಲದ ಮೇಲೆ ಗ್ರೀಸಿನ ತೆಳು ಪಸೆ ಇರುವುದು ಸರಿ. ಗ್ರೀಸು ನೀರಾಗಿ ಸುರಿಯುತ್ತಿದ್ದರೆ ಆಕ್ಸಲ್ಲಿನ ಆಯಿಲ್ ಒಳಸೀಲು ದಾಟಿ ಬಂದಿದೆ. ಗೋಲ ತೀರಾ ಒಣಗಿ, ತುಕ್ಕಿನಿಂದ ಕುಳಿ ಬಿದ್ದಿದ್ದರೆ ಹೊಸ ಸೀಲು ಹಾಕಿದರೂ ನಿಲ್ಲದು. ಆ ಕುಳಿಗಳೇ ಸೀಲನ್ನು ತಿನ್ನುತ್ತವೆ.

ಚಾಸಿಸ್

ಉಳಿದ ಯಾವ ದೋಷಕ್ಕೂ ಬೆಲೆ ಕಟ್ಟಬಹುದು. ಚಾಸಿಸ್ ಕೆಟ್ಟಿದ್ದರೆ ಹಿಂದಿರುಗುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಹೊಸದಾಗಿ ಬಳಿದ ದಪ್ಪ ಕಪ್ಪು ಅಂಡರ್ ಕೋಟಿಂಗ್ ಕಂಡಾಗ ಸುತ್ತಿಗೆ ಹೊರತೆಗೆಯಿರಿ. ಆರೋಗ್ಯವಾದ ಕಬ್ಬಿಣ ಠಣ್ಣೆನ್ನುತ್ತದೆ. ತುಕ್ಕು ತಿಂದದ್ದು, ಒಳಗೆ ಪುಟ್ಟಿ ತುಂಬಿದ್ದು ದಬ್ಬೆನ್ನುತ್ತದೆ. ಸ್ಪ್ರಿಂಗ್ ಹ್ಯಾಂಗರ್‌ಗಳ ಬುಡ, ಸ್ಟೀರಿಂಗ್ ಬಾಕ್ಸ್ ಕೂರುವ ಜಾಗ, ಟ್ರೇಲರ್ ಕೊಂಡಿಯಿರುವ ಹಿಂದಿನ ಅಡ್ಡಪಟ್ಟಿ, ಇವು ಮೂರನ್ನೂ ಬಟ್ಟೆಯಿಂದ ಒರೆಸಿ, ಕೂದಲೆಳೆಯಂಥ ಬಿರುಕಿದೆಯೇ, ವೆಲ್ಡಿಂಗ್ ತೇಪೆಯಿದೆಯೇ ಎಂದು ನೋಡಿ. ಚಾಸಿಸ್ಸಿನ ಒಳಸಂದಿಗೆ ಬೆರಳು ಹಾಕಿ ಕೆದಕಿ. ವರ್ಷಗಳ ಕೆಸರು ಅಲ್ಲಿ ಕೂತು ನೀರು ಹಿಡಿದಿಟ್ಟು, ಹೊರಗೆ ನುಣ್ಣಗಿರುವ ಲೋಹವನ್ನು ಒಳಗಿನಿಂದ ತಿನ್ನುತ್ತದೆ. ಕರಾವಳಿಯಲ್ಲಿ ಬಾಳಿದ ಗಾಡಿಗೆ ಈ ಪರೀಕ್ಷೆಯನ್ನು ಎರಡು ಪಾಲು ನಿಷ್ಠುರವಾಗಿ ಮಾಡಬೇಕು.

ಆಮೇಲೆ ಟೇಪು ಹಿಡಿಯಿರಿ. ಚಕ್ರಗಳನ್ನು ನೇರವಾಗಿಟ್ಟು, ಮುಂದಿನ ಹಬ್ಬಿನ ನಡುವಿನಿಂದ ಹಿಂದಿನ ಹಬ್ಬಿನ ನಡುವಿಗೆ ಎರಡೂ ಬದಿ ಅಳೆಯಿರಿ. ಒಂದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಸ್ಪ್ರಿಂಗಿನ ಸೆಂಟರ್ ಬೋಲ್ಟ್ ಕತ್ತರಿಸಿ ಆಕ್ಸಲ್ ಸರಿದಿರಬಹುದು, ಇಲ್ಲವೇ ಚಾಸಿಸ್ ಸೊಟ್ಟಗಾಗಿರಬಹುದು. ಯು ಬೋಲ್ಟ್ ಬಿಚ್ಚಿ ನೋಡುವ ತನಕ ಯಾವುದೆಂದು ಖಚಿತವಾಗುವುದಿಲ್ಲ; ಬಿಚ್ಚಿ ನೋಡಲು ಒಪ್ಪದಿದ್ದರೆ ಕೊಳ್ಳುವುದು ಬೇಡ.

ಕಾಗದಪತ್ರದ ವಿಷಯದಲ್ಲಿ ಇಷ್ಟೇ ಹೇಳುತ್ತೇನೆ. ಚಾಸಿಸ್ ಮತ್ತು ಎಂಜಿನ್ನಿನ ಮೇಲೆ ಕೊರೆದ ನಂಬರುಗಳನ್ನು ನಿಮ್ಮ ಕಣ್ಣಿನಿಂದಲೇ ಓದಿ ಆರ್‌ಸಿಯೊಂದಿಗೆ ತಾಳೆ ನೋಡಿ. ಪೆಟ್ರೋಲ್ ಗಾಡಿಗೆ ಡೀಸೆಲ್ ಎಂಜಿನ್ ಕೂರಿಸಿದ್ದರೆ ಅದು ಆರ್‌ಸಿಯಲ್ಲಿ ನಮೂದಾಗಿರಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇಂಥ ಬದಲಾವಣೆಗಳಿಗೆ ಸಂಬಂಧಿಸಿದ್ದು. ಸ್ವಂತ ಬಳಕೆಯ ಗಾಡಿಗೆ 15 ವರ್ಷ ದಾಟಿದ್ದರೆ ನೋಂದಣಿ ನವೀಕರಣವಾಗಿದೆಯೇ, ಎಂದಿನವರೆಗೆ ಎಂಬುದನ್ನೂ ನೋಡಿ.

ಓಡಿಸಿ ಬಂದ ಮೇಲೆ

ಏರುದಾರಿ, ಇಳಿದಾರಿ, ಸಡಿಲ ಮಣ್ಣು ಮೂರೂ ಇರುವಂತೆ ಕನಿಷ್ಠ ಹದಿನೈದು ಕಿಲೋಮೀಟರ್ ಓಡಿಸಿ. ಉದ್ದನೆಯ ಇಳಿಜಾರನ್ನು ಸೆಕೆಂಡ್ ಗೇರಿನಲ್ಲಿ ಇಳಿದು, ಕೆಳಗೆ ಬಂದ ಮೇಲೆ ಆಕ್ಸಲರೇಟರ್ ಒತ್ತಿದಾಗ ಹಿಂದೆ ನೀಲಿ ಹೊಗೆ ಎದ್ದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ. ಕ್ರೌನ್ ಸದ್ದು ಆಕ್ಸಲರೇಟರ್ ಒತ್ತಿದಾಗ ಒಂದು ರೀತಿ, ಬಿಟ್ಟಾಗ ಇನ್ನೊಂದು ರೀತಿ ಕೇಳುವುದರಿಂದ ಎರಡನ್ನೂ ಕಿವಿಗೊಟ್ಟು ಆಲಿಸಿ.

ನಿಲ್ಲಿಸಿದೊಡನೆ ನಾಲ್ಕೂ ಹಬ್ಬುಗಳನ್ನು, ಎರಡೂ ಡಿಫರೆನ್ಷಿಯಲ್ಲುಗಳನ್ನು, ಟ್ರಾನ್ಸ್‌ಫರ್ ಕೇಸನ್ನು ಅಂಗೈಯಿಂದ ಹಗುರವಾಗಿ ಮುಟ್ಟಿ. ಬೆಚ್ಚಗಿರುವುದು ಸಹಜ, ಒಂದು ಹಬ್ ಮಾತ್ರ ಕೈಯಿಡಲಾರದಷ್ಟು ಕಾದಿದ್ದರೆ ಬೇರಿಂಗ್ ಬಿಗಿಯಾಗಿದೆ, ಇಲ್ಲವೇ ಬ್ರೇಕ್ ಹಿಡಿದುಕೊಂಡಿದೆ. ಆಮೇಲೆ ಗಾಡಿಯ ಕೆಳಗೆ ಹಳೆಯ ದಿನಪತ್ರಿಕೆ ಹಾಸಿ ಅರ್ಧ ಗಂಟೆ ಬಿಡಿ. ಬೆಳಿಗ್ಗೆ ತೊಳೆದು ಒರೆಸಿಟ್ಟ ಸೋರಿಕೆಗಳೆಲ್ಲ ಆಯಿಲ್ ಬಿಸಿಯಾಗಿ ತೆಳುವಾದ ಮೇಲೆ ಪತ್ರಿಕೆಯ ಮೇಲೆ ಕಾಣಿಸಿಕೊಳ್ಳುತ್ತವೆ. ಎಲ್ಲಿ ಬಿದ್ದಿತು ಎಂಬುದರಿಂದ ಯಾವ ಸೀಲು ಎಂದು ಗುರುತಿಸಬಹುದು.

ಮೂಡಿಗೆರೆಯ ಆ ಹಸಿರು ಜೀಪನ್ನು ನಾನು ಕೊಂಡೆ. ಸಿರಿಂಜಿನಲ್ಲಿ ಬಂದ ನೀರನ್ನು ಮಾಲೀಕರಿಗೆ ತೋರಿಸಿ, ಮುಂದಿನ ಕ್ರೌನ್, ಪಿನಿಯನ್, ಬೇರಿಂಗ್, ಸೀಲುಗಳ ಖರ್ಚನ್ನು ಕಾಗದದ ಮೇಲೆ ಬರೆದು ಬೆಲೆಯಲ್ಲಿ ಕಳೆದ ಮೇಲೆ, ಮತ್ತು ಚಾಸಿಸ್ ಮೂಲೆಮೂಲೆಯಲ್ಲೂ ಠಣ್ಣೆಂದ ಮೇಲೆ. ಮನೆಗೆ ತಂದ ಮರುದಿನವೇ ಮುಂದಿನ ಆಕ್ಸಲ್ ಬಿಚ್ಚಿ ಆ ಕೆಲಸ ಮುಗಿಸಿ, ಬ್ರೀದರ್‌ಗಳನ್ನು ಬಿಚ್ಚಿ ತೊಳೆದು, ಎಲ್ಲ ಕಡೆಯ ಆಯಿಲನ್ನೂ ಬದಲಿಸಿದೆ. 500 ಕಿಲೋಮೀಟರ್ ಓಡಿದ ಬಳಿಕ ಮತ್ತೆ ಅದೇ ಸಿರಿಂಜನ್ನು ಮುಂದಿನ ಹೌಸಿಂಗಿನ ತಳಕ್ಕಿಳಿಸಿ ಎಳೆದಾಗ ತಿಳಿ ಕಂದು ಬಣ್ಣದ ಆಯಿಲ್ ಬಂತು, ಬಿಳಿ ಬಟ್ಟೆಯ ಮೇಲೆ ಆಯಸ್ಕಾಂತಕ್ಕೆ ಏನೂ ಅಂಟಲಿಲ್ಲ.